ಖೇವ್ರಾದ ಉಪ್ಪು: ತೋಡಿದವರು, ಬಾಗಿಲು ಕಾದವರು

ಊರಿನ ಗ್ರಂಧಿಗೆ ಅಂಗಡಿಯಲ್ಲಿ ಸೈಂಧವ ಲವಣ ಕೇಳಿದರೆ ಕಾಗದದಲ್ಲಿ ಕಟ್ಟಿಕೊಡುವ ನಸುಗೆಂಪು ಗಟ್ಟಿ, ಬೆಂಗಳೂರಿನ ಸೂಪರ್ ಮಾರ್ಕೆಟ್ಟಿನಲ್ಲಿ ‘ಹಿಮಾಲಯನ್ ಪಿಂಕ್ ಸಾಲ್ಟ್’ ಎಂಬ ಚೀಟಿ ಹೊತ್ತ ಗಾಜಿನ ಡಬ್ಬಿ, ಯೋಗಕೇಂದ್ರದ ಮೂಲೆಯಲ್ಲಿ ಉರಿಯುವ ಉಪ್ಪಿನ ದೀಪ. ಈ ಮೂರೂ ದಶಕಗಳಿಂದ ಬಹುಮಟ್ಟಿಗೆ ಒಂದೇ ಬೆಟ್ಟಸಾಲಿನಿಂದ ಬಂದಂಥವು. ಪಾಕಿಸ್ತಾನದ ಪಂಜಾಬಿನಲ್ಲಿ, ಝೇಲಂ ಮತ್ತು ಸಿಂಧೂ ನದಿಗಳ ನಡುವೆ ಚಾಚಿಕೊಂಡಿರುವ ಆ ಕುಳ್ಳ ಬೆಟ್ಟಗಳಿಗೆ ಸಾಲ್ಟ್ ರೇಂಜ್ ಎಂದೇ ಹೆಸರು. ಅದರ ದಕ್ಷಿಣದ ಬುಡದಲ್ಲಿ, ಝೇಲಂ ಜಿಲ್ಲೆಯ ಪಿಂಡ್ ದಾದನ್ ಖಾನ್ ಪಟ್ಟಣದ ಹತ್ತಿರ, ಖೇವ್ರಾ ಗಣಿಯ ಬಾಯಿ ತೆರೆದುಕೊಳ್ಳುತ್ತದೆ. ಚರಕ ಸಂಹಿತೆ ಉಪ್ಪುಗಳಲ್ಲೆಲ್ಲ ಶ್ರೇಷ್ಠವೆಂದು ಹೇಳಿದ್ದು ಸಿಂಧೂ ಸೀಮೆಯ ಉಪ್ಪನ್ನೇ. ನೂರಾರು ಹರದಾರಿ ದೂರದ ಕನ್ನಡ ನಾಡಿನ ಪಂಡಿತರ ಮದ್ದಿನ ಪೆಟ್ಟಿಗೆಗೂ ಅದು ಎಂದೋ ಬಂದು ಸೇರಿತ್ತು.

ಈ ಗಣಿಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ನೆಲದಡಿಯ ಬೆರಗನ್ನು ವರ್ಣಿಸುತ್ತಾರೆ, ಇಲ್ಲವೇ ಉಪ್ಪಿನ ಆರೋಗ್ಯಗುಣಗಳ ಪಟ್ಟಿ ಕೊಡುತ್ತಾರೆ. ನನಗೆ ಮುಖ್ಯವಾಗಿ ಕಂಡದ್ದು ಇನ್ನೊಂದು ಸಂಗತಿ. ಬೆಟ್ಟದೊಳಗೆ ಇರುವಷ್ಟು ಕಾಲ ಈ ಉಪ್ಪಿಗೆ ಬೆಲೆಯೇ ಇಲ್ಲ. ಒಡೆದು ಗುಡ್ಡೆ ಹಾಕಿದಾಗಲೂ ಅಂಥ ಬೆಲೆಯೇನಿಲ್ಲ. ಗಣಿಯ ಬಾಯಿ ದಾಟುವಾಗ ಮತ್ತು ದಾಟಿದ ಮೇಲೆ ಅದರ ಬೆಲೆ ಏರುತ್ತದೆ. ಆ ಬಾಯಲ್ಲಿ ಯಾವ ಕಾಲಕ್ಕೆ ಯಾರು ನಿಂತಿದ್ದರು, ಒಳಗೆ ಸುತ್ತಿಗೆ ಹಿಡಿದವನಿಗೆ ಎಷ್ಟು ಬಿಟ್ಟರು ಎಂದು ನೋಡುತ್ತ ಹೋದರೆ ಖೇವ್ರಾದ ಚರಿತ್ರೆ ತಾನಾಗಿ ತೆರೆದುಕೊಳ್ಳುತ್ತದೆ.

ಮೊದಲು ಉಪ್ಪು ಅಲ್ಲಿಗೆ ಬಂದ ಬಗೆ. ಸುಮಾರು 54 ಕೋಟಿ ವರ್ಷಗಳಿಗೂ ಹಿಂದೆ, ನೆಲದ ಮೇಲೆ ಗಿಡಮರಗಳೇ ಇಲ್ಲದ ಕಾಲದಲ್ಲಿ, ಅಲ್ಲೊಂದು ಆಳವಿಲ್ಲದ ಕಡಲು ಇತ್ತು. ತೆರೆದ ಸಾಗರದ ಸಂಪರ್ಕ ಆಗಾಗ ಕಡಿದುಹೋಗುತ್ತಿದ್ದ ಆ ಕಡಲಿನ ನೀರು ಬಿಸಿಲಿಗೆ ಆವಿಯಾಗಿ ಮೊದಲು ಜಿಪ್ಸಂ, ಆಮೇಲೆ ಉಪ್ಪು ತಳದಲ್ಲಿ ಕೂತವು. ಮತ್ತೆ ನೀರು ನುಗ್ಗಿತು, ಮತ್ತೆ ಆರಿತು. ಖೇವ್ರಾದಲ್ಲಿ ಹೀಗೆ ಉಳಿದ ದಪ್ಪ ಉಪ್ಪಿನ ಪದರಗಳು ಏಳು. ಎಲ್ಲ ಸೇರಿದರೆ ಸುಮಾರು 150 ಮೀಟರ್ ದಪ್ಪ. ನಡುನಡುವೆ ಕೆಂಪು ಜೇಡಿಯ ಪದರಗಳಿವೆ. ಕೆಲವೆಡೆ ಉಪ್ಪು ಗಾಜಿನಷ್ಟು ತಿಳಿ, ಕೆಲವೆಡೆ ಬಿಳಿ, ಇನ್ನು ಕೆಲವೆಡೆ ಗುಲಾಬಿಯಿಂದ ಹಿಡಿದು ಗಾಢ ಕೆಂಪಿನವರೆಗೆ ಬಣ್ಣ ತಿರುಗಿದೆ. ಆ ಕೆಂಪಿಗೆಲ್ಲ ಕಾರಣ ಅತ್ಯಲ್ಪ ಪ್ರಮಾಣದ ಕಬ್ಬಿಣದ ಆಕ್ಸೈಡ್. ಶುದ್ಧವಾದ ಕಡೆ ಶೇ. 99ರವರೆಗೂ ಸೋಡಿಯಂ ಕ್ಲೋರೈಡ್ ಇದೆ.

ಇಷ್ಟು ಸರಾಗವಾಗಿ ಹೇಳಿಬಿಡುವ ಈ ವಯಸ್ಸಿನ ಲೆಕ್ಕದ ಹಿಂದೆ ಭಾರತದ ಭೂವಿಜ್ಞಾನದ ಅತಿ ದೊಡ್ಡ ಜಗಳಗಳಲ್ಲೊಂದು ಇದೆ. ಪಳೆಯುಳಿಕೆ ಸಸ್ಯವಿಜ್ಞಾನಿ ಬೀರಬಲ್ ಸಾಹನಿ ಹುಟ್ಟಿದ್ದು ಭೇರಾದಲ್ಲಿ. ಅದು ಝೇಲಂ ನದಿಯ ಆಚೆ ದಡದ, ಖೇವ್ರಾ ಸೀಮೆಯದೇ ಊರು. ಲಖನೌದಲ್ಲಿ ನೆಲೆಸಿದ ಮೇಲೆ ಅವರು ಈ ಉಪ್ಪಿನ ಪದರಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ಹೂಬಿಡುವ ಸಸ್ಯಗಳ ಕಟ್ಟಿಗೆಯ ಚೂರು, ಕೀಟಗಳ ತುಣುಕು ಕಂಡವು. ಹೂಬಿಡುವ ಸಸ್ಯಗಳು ಭೂಮಿಗೆ ಬಂದದ್ದು ತೀರಾ ಈಚೆಗೆ. ಹಾಗಿದ್ದರೆ ಈ ಉಪ್ಪು ಐದು ಕೋಟಿ ವರ್ಷದ ಆಚೀಚಿನದು ಎಂದು ಸಾಹನಿ ವಾದಿಸಿದರು. ಸಾಲ್ಟ್ ರೇಂಜನ್ನು ಕಾಲ್ನಡಿಗೆಯಲ್ಲಿ ಅಳೆದು ನಕ್ಷೆ ಬರೆದಿದ್ದ ಇ.ಆರ್. ಗೀ ಒಪ್ಪಲಿಲ್ಲ. ಉಪ್ಪಿನ ಮೇಲೆ ಕೂತಿರುವ ಮರಳುಗಲ್ಲು ಕೇಂಬ್ರಿಯನ್ ಯುಗದ್ದು, ಎರಡರ ನಡುವಿನ ಸಂಧಿ ಸಹಜವಾಗಿದೆ, ಅಡಿಯಲ್ಲಿರುವುದು ಮೇಲಿನದಕ್ಕಿಂತ ಹಳೆಯದೇ ಆಗಿರಬೇಕು ಎಂಬುದು ಅವರ ಪಟ್ಟು. ಇದಕ್ಕಾಗಿಯೇ 1944 ಮತ್ತು 1945ರಲ್ಲಿ ವಿಚಾರ ಸಂಕಿರಣಗಳು ನಡೆದವು. ಸಾಹನಿ 1949ರಲ್ಲಿ ತೀರಿಕೊಂಡರು. ಮುಂದೆ ಕೊಳವೆ ಕೊರೆತ, ಭೂಕಂಪನ ಸಮೀಕ್ಷೆಗಳು ಗೀಯವರ ಪಕ್ಷಕ್ಕೆ ಬಲ ಕೊಟ್ಟವು. ಉಪ್ಪು ಕರಗಿ ಮತ್ತೆ ಹೆಪ್ಪುಗಟ್ಟುವ ವಸ್ತು; ಬಿರುಕಿನ ನೀರಿನೊಂದಿಗೆ ಒಳಸೇರಿದ ಹೊಸ ಕಾಲದ ಚೂರುಗಳು ಹಳೆಯದರ ವೇಷ ತೊಟ್ಟಿದ್ದವು. ಆದರೂ ಸಾಹನಿಯವರ ಪ್ರಶ್ನೆಯನ್ನು ನಾನು ಗೌರವದಿಂದಲೇ ನೆನೆಯುತ್ತೇನೆ. ಈ ಬೆಟ್ಟದಲ್ಲಿ ಹಳೆಯ ಕಲ್ಲು ಹೊಸ ಕಲ್ಲಿನ ಮೇಲೇರಿ ಕೂತಿರುವುದು ನಿಜವಾಗಿಯೂ ಇದೆ, ಅನುಮಾನಕ್ಕೆ ಆಸ್ಪದವಿತ್ತು.

ಆ ಏರಾಟಕ್ಕೆ ಕಾರಣವೂ ಉಪ್ಪೇ. ಒತ್ತಡ ಬಿದ್ದರೆ ಉಪ್ಪು ಕಲ್ಲಿನಂತೆ ಸಿಡಿಯುವುದಿಲ್ಲ, ನಿಧಾನವಾಗಿ ಹರಿಯುತ್ತದೆ. ಭಾರತದ ಭೂಫಲಕ ಉತ್ತರಕ್ಕೆ ನುಗ್ಗಿ ಹಿಮಾಲಯ ಎದ್ದಾಗ ಅದರ ಮುಂಚೂಣಿಯ ಪೊಟ್ವಾರ್ ಪ್ರಸ್ಥಭೂಮಿ ಇಡಿಯಾಗಿ ಈ ಉಪ್ಪಿನ ಹಾಸಿನ ಮೇಲೆ ದಕ್ಷಿಣಕ್ಕೆ ಜಾರಿತು. ಜಾರಿದ ಅಂಚು ಎದ್ದು ಸಾಲ್ಟ್ ರೇಂಜ್ ಆಯಿತು. ಆಳದಲ್ಲಿ ಹೂತಿದ್ದ ಉಪ್ಪು ಕೈಗೆಟಕುವ ಎತ್ತರಕ್ಕೆ ಬಂತು. ಹಾಗಾಗಿ ‘ಹಿಮಾಲಯನ್’ ಎಂಬ ವ್ಯಾಪಾರದ ಹೆಸರಿನಲ್ಲಿ ಭೂವಿಜ್ಞಾನದ ಒಂದು ಎಳೆ ಸತ್ಯವುಂಟು. ಆದರೆ ಡಬ್ಬಿಯ ಮೇಲಿನ ಹಿಮಶಿಖರದ ಚಿತ್ರಕ್ಕೂ ಖೇವ್ರಾದ ಬಿಸಿಲು ಬಂಡೆಗಳಿಗೂ ನೂರಾರು ಕಿಲೋಮೀಟರ್ ಅಂತರ.

ಕ್ರಿ.ಪೂ. 326ರಲ್ಲಿ ಝೇಲಂ ದಡದಲ್ಲಿ ಪೋರಸ್ ಜೊತೆ ಕಾದಾಡಿದ ಅಲೆಕ್ಸಾಂಡರನ ಕುದುರೆಗಳು ಇಲ್ಲಿ ಕಲ್ಲು ನೆಕ್ಕುತ್ತಿದ್ದವಂತೆ, ಅದರಿಂದ ಉಪ್ಪು ಪತ್ತೆಯಾಯಿತಂತೆ. ಗಣಿಗೆ ಬಂದವರಿಗೆಲ್ಲ ಹೇಳುವ ಕತೆ ಇದು, ಕತೆಯಾಗಿಯೇ ಇರಲಿ. ಗಟ್ಟಿ ದಾಖಲೆ ಸಿಗುವುದು ಅಕ್ಬರನ ಕಾಲಕ್ಕೆ. ಅಬುಲ್ ಫಜಲ್ ತನ್ನ ‘ಐನ್-ಇ-ಅಕ್ಬರಿ’ಯಲ್ಲಿ ಈ ಉಪ್ಪಿನ ಬೆಟ್ಟವನ್ನು ವಿವರಿಸುತ್ತಾನೆ. ತೋಡುವವರಿಗೆ ಎಷ್ಟು ಪಾಲು, ಹೊರುವವರಿಗೆ ಎಷ್ಟು, ಜಮೀನುದಾರ ಹೊರುವವರಿಂದ ಎಷ್ಟು ಕೀಳುತ್ತಾನೆ, ವರ್ತಕ ಸರ್ಕಾರಕ್ಕೆ ಕಟ್ಟುವ ಸುಂಕ ಎಷ್ಟು ಎಂಬುದೆಲ್ಲ ಅಲ್ಲಿದೆ. ಅಂದರೆ ಹದಿನಾರನೆಯ ಶತಮಾನದಲ್ಲೇ ಗಣಿಯ ಬಾಯಲ್ಲಿ ಒಬ್ಬರಲ್ಲ, ಇಬ್ಬರು ಕೈಯೊಡ್ಡಿ ನಿಂತಿದ್ದರು. ಉಪ್ಪಿನ ಗಟ್ಟಿಯನ್ನು ಕೆತ್ತಿ ತಟ್ಟೆ, ದೀಪದ ಕಂಬ ಮಾಡುತ್ತಿದ್ದರೆಂದೂ ಆತ ಬರೆದಿದ್ದಾನೆ. ಇವತ್ತಿನ ಉಪ್ಪಿನ ದೀಪದ ವ್ಯಾಪಾರಕ್ಕೆ ನಾಲ್ಕು ನೂರು ವರ್ಷಗಳಿಗೂ ಹಿಂದಿನ ಪೂರ್ವಜರಿದ್ದಾರೆ.

ಸ್ಥಳೀಯ ಜಂಜುವಾ ಅರಸು ಮನೆತನದ ಹಿಡಿತ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮಹಾರಾಜ ರಣಜಿತ್ ಸಿಂಗನ ಪಾಲಾಯಿತು. ಉಪ್ಪಿನ ಆದಾಯವನ್ನು ಗುತ್ತಿಗೆಗೆ ಕೊಡುವ ಪದ್ಧತಿ. ಗುತ್ತಿಗೆದಾರನಿಗೆ ಈ ವರ್ಷದ ಉಪ್ಪು ಬೇಕೇ ಹೊರತು ಮುಂದಿನ ವರ್ಷದ ಚಾವಣಿಯ ಚಿಂತೆಯಿಲ್ಲ. ಎಲ್ಲಿ ಒಳ್ಳೆಯ ಉಪ್ಪು ಕಂಡಿತೋ ಅಲ್ಲಿಗೆ ಬಿಲ ಕೊರೆದರು. 1830ರ ದಶಕದ ಆರಂಭದಲ್ಲಿ ಬುಖಾರಾಕ್ಕೆ ಹೊರಟಿದ್ದ ಅಲೆಕ್ಸಾಂಡರ್ ಬರ್ನ್ಸ್ ಈ ಗಣಿಗಳಲ್ಲೊಂದಕ್ಕೆ ಇಳಿದಿದ್ದ. ಮಂಕು ದೀಪಗಳ ಬೆಳಕಿನಲ್ಲಿ ಗಂಡಸರು, ಹೆಂಗಸರು, ಮಕ್ಕಳು ಒಟ್ಟಾಗಿ ಉಪ್ಪು ಒಡೆದು ಹೊರುತ್ತಿದ್ದುದನ್ನು ಆತ ದಾಖಲಿಸಿದ್ದಾನೆ. ಒಂದು ಕುಟುಂಬವೇ ಒಂದು ಕೆಲಸದ ತಂಡ. ಗಂಡ ಕಡಿದರೆ ಹೆಂಡತಿ, ಮಕ್ಕಳು ಜಾರುವ ಇಳಿಜಾರಿನ ಮೇಲೆ ಗಟ್ಟಿಗಳನ್ನು ಬೆಳಕಿಗೆ ಹೊತ್ತು ತರಬೇಕು. ಕೂಲಿ ಸಿಗುವುದು ಮೇಲಕ್ಕೆ ಬಂದ ಉಪ್ಪಿನ ತೂಕಕ್ಕೆ. ಕೆಳಗೆ ಕಳೆದ ಹೊತ್ತು ಲೆಕ್ಕಕ್ಕಿಲ್ಲ. ಗಣಿಯ ಆಚೆ ಆ ಉಪ್ಪು ಯಾವ ದರಕ್ಕೆ ಬೇಕಾದರೂ ಮಾರಾಟವಾಗಲಿ, ಒಳಗಿನ ಲೆಕ್ಕ ಬದಲಾಗುತ್ತಿರಲಿಲ್ಲ. ಖೇವ್ರಾದ ಚರಿತ್ರೆಯಲ್ಲಿ ದೊರೆಗಳು ಬದಲಾದಷ್ಟು ಸಲ ಈ ಒಂದು ವ್ಯವಸ್ಥೆ ಬದಲಾಗಲಿಲ್ಲ ಎನ್ನುವುದು ನನ್ನನ್ನು ಕಾಡುತ್ತದೆ.

1849ರಲ್ಲಿ ಪಂಜಾಬ್ ಬ್ರಿಟಿಷರ ಕೈಸೇರಿತು, ಗಣಿಯೂ ಸೇರಿತು. ಮುಂದೆ ಅದಕ್ಕೆ ವೈಸರಾಯ್ ಲಾರ್ಡ್ ಮೇಯೋನ ಹೆಸರಿಟ್ಟರು. ಹಳೆಯ ದಾಖಲೆಗಳಲ್ಲಿ ಖೇವ್ರಾ ಎಂದರೆ ‘ಮೇಯೋ ಗಣಿ’. 1872ರಲ್ಲಿ ಡಾ. ಎಚ್. ವಾರ್ತ್ ಎಂಬ ಗಣಿ ಎಂಜಿನಿಯರ್ ಹಳೆಯ ಬಿಲಗಳ ಗೊಂದಲಕ್ಕೆ ಕೊನೆ ಹಾಡಲು ಯೋಜನೆ ಹಾಕಿದರು. ಬೆಟ್ಟದ ಬುಡದ ಮಟ್ಟದಲ್ಲೇ ನೇರ ಸುರಂಗವೊಂದನ್ನು ಒಳಕ್ಕೆ ಕೊರೆದು ಉಪ್ಪಿನ ಪದರಗಳನ್ನು ಅಡ್ಡಲಾಗಿ ತಲುಪುವುದು, ಉಪ್ಪನ್ನು ಹೊತ್ತು ಹತ್ತಿಸುವ ಬದಲು ಹಳಿಯ ಮೇಲೆ ತಳ್ಳಿ ತರುವುದು, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ತೋಡುವುದಕ್ಕೆ ಒಂದು ನಿಯಮ ತರುವುದು. ಉಪ್ಪಿನಲ್ಲಿ ಅರ್ಧ ತೆಗೆ, ಅರ್ಧ ಬಿಡು.

ಈ ಅರ್ಧದ ನಿಯಮವೇ ಖೇವ್ರಾವನ್ನು ಇವತ್ತಿನವರೆಗೆ ನಿಲ್ಲಿಸಿದೆ. ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ. ಪದ್ಧತಿ ಸರಳ. ಉಪ್ಪಿನ ಪದರದಲ್ಲಿ ಒಂದು ಕೋಣೆ ತೋಡುತ್ತಾರೆ, ಪಕ್ಕದಲ್ಲಿ ಅಷ್ಟೇ ಉಪ್ಪನ್ನು ಮುಟ್ಟದೆ ಬಿಡುತ್ತಾರೆ, ಅದರ ಪಕ್ಕ ಮತ್ತೊಂದು ಕೋಣೆ. ಬಿಟ್ಟ ಉಪ್ಪು ಕಂಬವಾಗಿ ಬೆಟ್ಟದ ಭಾರ ಹೊರುತ್ತದೆ. ಮರದ ಆಸರೆ ಬೇಕಿಲ್ಲ, ಉಕ್ಕಿನ ತೊಲೆ ಬೇಕಿಲ್ಲ. ಲೆಕ್ಕ ನೋಡಿ: ಅರ್ಧ ತೆಗೆದರೆ ಉಳಿದ ಅರ್ಧದ ಮೇಲೆ ಬೀಳುವ ಒತ್ತಡ ಮೊದಲಿನ ಎರಡರಷ್ಟು. ಆಸೆಪಟ್ಟು ಮುಕ್ಕಾಲು ತೆಗೆದರೆ ನಾಲ್ಕರಷ್ಟು. ಒತ್ತಡ ಏರಿದಷ್ಟೂ ಉಪ್ಪು ಹರಿಯುವ ವೇಗ ಏರುತ್ತದೆ, ಕೋಣೆಯ ಗೋಡೆಗಳು ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಒಳಕ್ಕೆ ಉಬ್ಬುತ್ತವೆ, ಚಾವಣಿಯ ಹಲಗೆಗಳು ಸಡಿಲಗೊಳ್ಳುತ್ತವೆ. ನಮ್ಮ ಕೋಲಾರದ ಚಿನ್ನದ ಗಣಿಯಂಥ ಕಡೆ ಒಂದು ಟನ್ ಕಲ್ಲು ಅರೆದರೆ ಸಿಗುತ್ತಿದ್ದುದು ಕೆಲವೇ ಗ್ರಾಂ ಚಿನ್ನ, ಹೊರಬಂದ ಕಲ್ಲೆಲ್ಲ ಸೈನೈಡ್ ದಿಬ್ಬವಾಯಿತು. ಉಪ್ಪಿನ ಗಣಿಯಲ್ಲಿ ಹಾಗಲ್ಲ, ಕಂಬವೂ ಮಾಲೇ. ಮುಂದಿನ ಗಾಡಿ ತುಂಬಿಸಲು ದೂರ ಹೋಗಬೇಕಿಲ್ಲ, ಕಂಬದ ಮೂಲೆ ಕೆತ್ತಿದರೆ ಸಾಕು. ಈ ಪ್ರಲೋಭನೆಯನ್ನು ನೂರೈವತ್ತು ವರ್ಷ ತಡೆದಿರುವುದನ್ನೇ ನಾನು ಖೇವ್ರಾದ ದೊಡ್ಡ ಸಾಧನೆ ಎಂದು ಎಣಿಸುತ್ತೇನೆ, ಗಣಿಯೊಳಗೆ ಉಪ್ಪಿನ ಇಟ್ಟಿಗೆಯಲ್ಲಿ ಕಟ್ಟಿರುವ ಮಸೀದಿಗಿಂತಲೂ.

ತಡೆಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ರೆಟ್ಸಾಫ್ ಗಣಿ ಸಾಕ್ಷಿ. ನ್ಯೂಯಾರ್ಕ್ ರಾಜ್ಯದ ಆ ಗಣಿ 1885ರಿಂದ ನಡೆದು ದೇಶದಲ್ಲೇ ದೊಡ್ಡದೆನಿಸಿತ್ತು. ಒಂದು ಭಾಗದಲ್ಲಿ ದೊಡ್ಡ ಕಂಬಗಳ ಬದಲು ಸಣ್ಣ ಕಂಬಗಳನ್ನು ಬಿಡುವ ಹೊಸ ವಿನ್ಯಾಸಕ್ಕೆ ಹೋದರು. 1994ರ ಮಾರ್ಚ್ 12ರಂದು ಆ ಭಾಗದ ಚಾವಣಿ ಕುಸಿಯಿತು. ಕುಸಿತದ ಕಂಪನ ಮೇಲೆ 3.6 ತೀವ್ರತೆಯ ಭೂಕಂಪವಾಗಿ ದಾಖಲಾಯಿತು. ಮೇಲಿನ ಜಲಪದರಕ್ಕೆ ದಾರಿ ತೆರೆಯಿತು, ಸಿಹಿನೀರು ಒಳನುಗ್ಗಿತು. ಎರಡು ವರ್ಷ ತುಂಬುವ ಮೊದಲೇ ಇಡೀ ಗಣಿ ನೀರಿನಲ್ಲಿ ಮುಳುಗಿತು, ಮೇಲೆ ಹೊಲಗಳಲ್ಲಿ ಗುಳಿ ಬಿದ್ದವು, ಬಾವಿಗಳು ಬತ್ತಿದವು.

ಉಪ್ಪಿನ ಗಣಿಗೆ ಸಿಹಿನೀರಿನಷ್ಟು ದೊಡ್ಡ ಶತ್ರು ಇನ್ನೊಂದಿಲ್ಲ. ಒಂದು ಲೀಟರ್ ನೀರು ಸುಮಾರು 360 ಗ್ರಾಂ ಉಪ್ಪನ್ನು ಕರಗಿಸಿಕೊಳ್ಳಬಲ್ಲದು. ಆದರೆ ಅಷ್ಟು ಕರಗಿಸಿ ತೃಪ್ತವಾದ ಮೇಲೆ ಅದೇ ನೀರು ಗೋಡೆಯನ್ನು ಮುಟ್ಟುವುದಿಲ್ಲ. ಖೇವ್ರಾದ ಹಳೆಯ ಕೋಣೆಗಳಲ್ಲಿ ನಿಂತಿರುವ ಕೊಳಗಳು ಇಂಥವು. ಅಲುಗದ, ಕನ್ನಡಿಯಂಥ ಉಪ್ಪುನೀರು. ಅಂಥದೊಂದು ಕೊಳದ ಮೇಲೆ ಕಂಬವೇ ಇಲ್ಲದೆ ಅಡ್ಡ ನಿಂತಿರುವ ಉಪ್ಪಿನ ಸೇತುವೆಗೆ ಕೆಲಸಗಾರರು ‘ಪುಲ್ ಸಿರಾತ್’ ಎಂದು ಹೆಸರಿಟ್ಟಿದ್ದಾರೆ. ಇಸ್ಲಾಮಿನ ನಂಬಿಕೆಯಂತೆ ತೀರ್ಪಿನ ದಿನ ಎಲ್ಲರೂ ದಾಟಬೇಕಾದ ಸೇತುವೆ ಅದು. ಕೆಳಗಿನ ನೀರು ತೃಪ್ತವಾಗಿರುವವರೆಗೆ ಸೇತುವೆಯ ಬುಡಕ್ಕೆ ಭಯವಿಲ್ಲ. ಮಳೆಗಾಲದಲ್ಲಿ ಬೆಟ್ಟದ ಬಿರುಕಿನಿಂದ ಹೊಸ ನೀರು ಇಳಿಯದಂತೆ ಕಾಲುವೆ ಕಟ್ಟಿ ಕಾಯುವುದು ಇಂಥ ಗಣಿಗಳಲ್ಲಿ ಎಂದೂ ಮುಗಿಯದ ಕೆಲಸ.

ಈಗಿನ ಖೇವ್ರಾದಲ್ಲಿ 19 ಅಂತಸ್ತುಗಳಿವೆ, ಅವುಗಳಲ್ಲಿ 11 ನೆಲಮಟ್ಟಕ್ಕಿಂತ ಕೆಳಗೆ. ಮುಖ್ಯ ಬಾಯಿಯಿಂದ ಬೆಟ್ಟದೊಳಕ್ಕೆ ಸುಮಾರು 730 ಮೀಟರ್ ಹೋಗಬಹುದು. ಎಲ್ಲ ಸುರಂಗಗಳ ಉದ್ದ ಕೂಡಿಸಿದರೆ ಸುಮಾರು 40 ಕಿ.ಮೀ. ಹೊರಗೆ ಪಂಜಾಬಿನ ಬೇಸಗೆ ಸುಡುತ್ತಿದ್ದರೂ ಒಳಗೆ ವರ್ಷವಿಡೀ 18ರಿಂದ 20 ಡಿಗ್ರಿ ಸೆಲ್ಸಿಯಸ್. ಕೆಲಸದ ಕ್ರಮದಲ್ಲಿ ಇಂದಿಗೂ ಕೈಯ ಪಾಲು ದೊಡ್ಡದು. ಉಪ್ಪಿನ ಗೋಡೆಯ ಮುಂದೆ ನಿಂತ ಕೆಲಸಗಾರ ಬೈರಿಗೆಯಿಂದ ಸಾಲಾಗಿ ತೂತು ಕೊರೆಯುತ್ತಾನೆ. ಹಿಂದೆ ಕೈಬೈರಿಗೆ, ಈಗ ವಿದ್ಯುತ್ತಿನದು. ತೂತಿನಿಂದ ಉದುರುವ ನುಣ್ಣನೆಯ ಗುಲಾಬಿ ಪುಡಿ ರೆಪ್ಪೆ, ಮೀಸೆ, ತುಟಿಯ ಮೇಲೆಲ್ಲ ಕೂರುತ್ತದೆ; ಕೈಯಲ್ಲಿ ಸಣ್ಣ ಗೀರಿದ್ದರೂ ಅದು ಮಾಯುವುದು ತಡ. ತೂತಿಗೆ ಮದ್ದು ತುಂಬಿ, ಬತ್ತಿ ಹಚ್ಚಿ ಪಕ್ಕದ ಕೋಣೆಗೆ ಸರಿಯುತ್ತಾರೆ. ಮದ್ದು ಜೋರಾದರೆ ಉಪ್ಪು ನುಚ್ಚಾಗುತ್ತದೆ, ನುಚ್ಚಿಗೆ ದರ ಕಡಿಮೆ; ದೀಪ ಕೆತ್ತುವವರಿಗೆ ಬೇಕಾದ್ದು ಬಿರುಕಿಲ್ಲದ ದೊಡ್ಡ ಗಟ್ಟಿ. ಆದ್ದರಿಂದ ಗೋಡೆಯನ್ನು ಸಿಡಿಸುವುದಕ್ಕಿಂತ ಬಿಡಿಸುವ ಹದ ಗೊತ್ತಿರಬೇಕು. ಹೊಗೆ ಇಳಿದ ಮೇಲೆ ಮೊದಲು ಹಾರೆಯಿಂದ ಚಾವಣಿಯನ್ನು ತಟ್ಟಿ ನೋಡುತ್ತಾರೆ. ಗಟ್ಟಿ ಸದ್ದು ಬಂದರೆ ಸರಿ, ಟೊಳ್ಳು ಸದ್ದು ಬಂದರೆ ಆ ಹಲಗೆಯನ್ನು ಎಬ್ಬಿ ಬೀಳಿಸಿದ ಮೇಲೆಯೇ ಒಳಗೆ ಹೆಜ್ಜೆ. ಆಮೇಲೆ ಸುತ್ತಿಗೆಯಿಂದ ಒಡೆದು, ಬಣ್ಣ ಮತ್ತು ಶುದ್ಧಿ ನೋಡಿ ಬೇರ್ಪಡಿಸಿ, ಜೇಡಿ ಅಂಟಿದ್ದನ್ನು ಬದಿಗೆ ಹಾಕಿ ಸಾಗಿಸುವುದು. ಈ ಕೆಲಸ ಖೇವ್ರಾದ ಎಷ್ಟೋ ಮನೆಗಳಲ್ಲಿ ತಂದೆಯಿಂದ ಮಗನಿಗೆ ಬಂದದ್ದು. ದುಡಿದದ್ದಕ್ಕೆ ಲೆಕ್ಕ ಈಗಲೂ ಬಹುಪಾಲು ಟನ್ನಿನ ಮೇಲೆ.

ಹೊರಜಗತ್ತಿನಲ್ಲಿ ಇದೇ ಕೆಲಸ ಬೇರೆ ರೂಪ ತಾಳಿದೆ. ಕೆನಡಾದ ಗೋಡೆರಿಚ್ ಗಣಿ ಹ್ಯೂರಾನ್ ಸರೋವರದ ತಳಕ್ಕಿಂತಲೂ ಕೆಳಗೆ, ಅರ್ಧ ಕಿಲೋಮೀಟರಿಗೂ ಹೆಚ್ಚು ಆಳದಲ್ಲಿದೆ. ಜಗತ್ತಿನ ಅತಿ ದೊಡ್ಡ ಉಪ್ಪಿನ ಗಣಿ. ಅಲ್ಲಿ ದೈತ್ಯ ಯಂತ್ರಗಳು ಗೋಡೆ ಕೊರೆಯುತ್ತವೆ. ಆ ಉಪ್ಪು ಹೆಚ್ಚಾಗಿ ಹೋಗುವುದು ಚಳಿಗಾಲದ ರಸ್ತೆಗಳ ಹಿಮ ಕರಗಿಸಲು. ಪೋಲೆಂಡಿನ ವಿಯೆಲಿಚ್ಕಾ ಇನ್ನೊಂದು ತುದಿ. ಹದಿಮೂರನೆಯ ಶತಮಾನದಿಂದ ನಡೆದ ಆ ಗಣಿಯಲ್ಲಿ 1996ಕ್ಕೆ ವಾಣಿಜ್ಯ ಗಣಿಗಾರಿಕೆ ನಿಂತಿತು. 1978ರಲ್ಲಿ ಯುನೆಸ್ಕೋ ಪ್ರಕಟಿಸಿದ ಮೊತ್ತಮೊದಲ ವಿಶ್ವ ಪರಂಪರೆಯ ಪಟ್ಟಿಯಲ್ಲೇ ಅದರ ಹೆಸರಿತ್ತು. ಕೆಲಸಗಾರರೇ ಕೆತ್ತಿದ ಸಂತ ಕಿಂಗಾಳ ಪ್ರಾರ್ಥನಾ ಮಂದಿರ ಅಲ್ಲಿನ ಹೆಮ್ಮೆ. ಆದರೆ ಒಳಗಿನ ತೇವ ಉಪ್ಪಿನ ಶಿಲ್ಪಗಳನ್ನೇ ತಿನ್ನತೊಡಗಿ, 1989ರಲ್ಲಿ ಅದು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿತು. ಗಾಳಿಯ ತೇವ ತೆಗೆಯುವ ವ್ಯವಸ್ಥೆ ಮಾಡಿದ ಮೇಲೆ, 1998ರಲ್ಲಷ್ಟೇ ಹೊರಬಂತು. ವರ್ಷಕ್ಕೆ ಎರಡೂವರೆ ಲಕ್ಷದಷ್ಟು ಜನ ಬಂದು, ಉಪ್ಪಿನ ಇಟ್ಟಿಗೆಯ ಪುಟ್ಟ ಬಾದಶಾಹಿ ಮಸೀದಿಯ ಮುಂದೆ ಫೋಟೊ ತೆಗೆಸಿಕೊಳ್ಳುವ ಖೇವ್ರಾ ಈ ಅನುಭವವನ್ನು ಗಮನದಲ್ಲಿಡಬೇಕು. ಉಪ್ಪಿನ ಗೋಡೆಗೆ ಜನರ ಉಸಿರೂ ನೀರೇ.

ಮತ್ತೆ ಬಾಗಿಲಿಗೆ ಬರುತ್ತೇನೆ. ಬ್ರಿಟಿಷರಿಗೆ ಖೇವ್ರಾ ಇಷ್ಟವಾದದ್ದು ಉಪ್ಪಿನ ಗುಣಕ್ಕಾಗಿ ಮಾತ್ರ ಎಂದು ನಾನು ನಂಬುವುದಿಲ್ಲ. ಗಣಿಗೆ ಬಾಯಿ ಒಂದೇ. ಅಲ್ಲೊಂದು ತಕ್ಕಡಿ, ಒಬ್ಬ ಗುಮಾಸ್ತ, ನಾಲ್ಕು ಜನ ಕಾವಲುಗಾರರು ಇದ್ದರೆ ಹೊರಬರುವ ಪ್ರತಿ ಮಣ ಉಪ್ಪಿನ ಮೇಲೂ ಸುಂಕ ವಸೂಲಿ. ಇದು ಸಾಧ್ಯವಾಗದ ಕಡೆ ಏನೆಲ್ಲ ಮಾಡಬೇಕಾಯಿತು ನೋಡಿ. ರಜಪೂತ ಸಂಸ್ಥಾನಗಳ ಸಾಂಭರ್ ಮೊದಲಾದ ಸರೋವರಗಳ ಅಗ್ಗದ ಉಪ್ಪು ಬ್ರಿಟಿಷ್ ಸೀಮೆಗೆ ನುಸುಳದಂತೆ ಸಿಂಧೂ ನದಿಯಿಂದ ಮಹಾನದಿಯವರೆಗೆ ಸುಮಾರು 3,700 ಕಿ.ಮೀ. ಉದ್ದದ ಸುಂಕದ ಗಡಿ ಎಳೆದರು. ಅದರ ಬಹುಭಾಗಕ್ಕೆ ಮುಳ್ಳುಬೇಲಿ ಬೆಳೆಸಿದರು. ಕಾಯಲು ಸುಮಾರು 12,000 ಮಂದಿ. ಮುಂದೆ ಕಾಂಗ್ರೆಸ್ ಸ್ಥಾಪಕರಲ್ಲೊಬ್ಬರಾದ ಎ.ಒ. ಹ್ಯೂಮ್ 1867ರಿಂದ ಕೆಲವು ವರ್ಷ ಆ ಬೇಲಿಯ ಉಸ್ತುವಾರಿಯ ಆಯುಕ್ತರಾಗಿದ್ದರು. ಸರೋವರಗಳನ್ನೇ ಗುತ್ತಿಗೆಗೆ ಪಡೆದು ಅಲ್ಲೂ ಖೇವ್ರಾದಂತೆ ಮೂಲದಲ್ಲೇ ಸುಂಕ ಕಸಿಯುವ ಏರ್ಪಾಡು ಆದ ಮೇಲೆ 1879ರಲ್ಲಿ ಬೇಲಿ ಅನಗತ್ಯವಾಯಿತು. ಸಿಂಧೂ ನದಿಯ ಆಚೆಯ ಕೋಹಾಟ್ ಗಣಿಗಳ ಉಪ್ಪಿಗೆ ಮಾತ್ರ, ಪಠಾಣರ ಅಸಮಾಧಾನಕ್ಕೆ ಹೆದರಿ, ಸುಂಕ ತೀರಾ ಕಡಿಮೆ. ಆದರೆ ಆ ಉಪ್ಪು ನದಿ ದಾಟುವಂತಿರಲಿಲ್ಲ.

ಕಡಲತೀರದಲ್ಲಿ ಈ ಆಟ ನಡೆಯುವುದಿಲ್ಲ. ಕಡಲಿಗೆ ಬಾಯಿ ಒಂದಲ್ಲ. ಸೂರ್ಯನಿಗೆ ಸುಂಕದ ಚೌಕಿ ಇಲ್ಲ. ಗೋಕರ್ಣದ ಬಳಿಯ ಸಾಣಿಕಟ್ಟೆಯಲ್ಲಿ ಆಗುವಂತೆ, ಗಜನಿಗೆ ನೀರು ಬಿಟ್ಟರೆ ಬಿಸಿಲೇ ಉಪ್ಪು ಮಾಡಿಕೊಡುತ್ತದೆ. 1930ರಲ್ಲಿ ಗಾಂಧೀಜಿ ದಂಡಿಯ ದಡವನ್ನು ಆರಿಸಿಕೊಂಡದ್ದರಲ್ಲಿ, ಅದೇ ಏಪ್ರಿಲಿನಲ್ಲಿ ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಕನ್ನಡಿಗರು ಕಡಲ ನೀರು ಕಾಯಿಸಿ ಕಾನೂನು ಮುರಿದದ್ದರಲ್ಲಿ ಈ ಭೂಗೋಳವೂ ಕೆಲಸ ಮಾಡಿದೆ. ಕೊಡ ಹಿಡಿದ ಮುದುಕಿಯೂ ಅಲ್ಲಿ ಸತ್ಯಾಗ್ರಹಿಯಾಗಬಲ್ಲಳು. ಖೇವ್ರಾದಲ್ಲಿ ಬೆಟ್ಟವೇ ಉಪ್ಪಾಗಿದ್ದರೂ ಅದರ ಚೂರೊಂದನ್ನು ಕೇಳದೆ ಎತ್ತುವುದು ಕಷ್ಟವಿತ್ತು. 1923ರಲ್ಲಿ ಕೇಂದ್ರ ಶಾಸನಸಭೆ ಬೇಡವೆಂದರೂ ವೈಸರಾಯ್ ಲಾರ್ಡ್ ರೀಡಿಂಗ್ ತಮ್ಮ ವಿಶೇಷಾಧಿಕಾರ ಬಳಸಿ ಮಣಕ್ಕೆ ಒಂದೂಕಾಲು ರೂಪಾಯಿ ಇದ್ದ ತೆರಿಗೆಯನ್ನು ಎರಡೂವರೆ ರೂಪಾಯಿಗೆ ಏರಿಸಿದರು. ಉಪ್ಪಿನ ತೆರಿಗೆಯೇ ರದ್ದಾದದ್ದು ಸ್ವಾತಂತ್ರ್ಯದ ಹೊಸ್ತಿಲಲ್ಲಿ, ಮಧ್ಯಂತರ ಸರ್ಕಾರದ ಕಾಲಕ್ಕೆ. ಅಷ್ಟರಲ್ಲಿ, 1944ರಲ್ಲಿ, ಗಣಿಯ ಪಕ್ಕದಲ್ಲೇ ಸೋಡಾ ಆ್ಯಶ್ ಕಾರ್ಖಾನೆ ಎದ್ದಿತ್ತು. ಗಾಜು, ಸಾಬೂನಿಗೆ ಬೇಕಾದ ಸೋಡಾ ಆ್ಯಶ್‌ಗೆ ಉಪ್ಪೇ ಕಚ್ಚಾ ವಸ್ತು. ಇಂದು ಗಣಿ ವರ್ಷಕ್ಕೆ ತೆಗೆಯುವ ಸುಮಾರು ಮೂರೂವರೆ ಲಕ್ಷ ಟನ್ನಿನಲ್ಲಿ ಊಟದ ತಟ್ಟೆಗೆ ಬರುವುದು ಒಂದು ಭಾಗ ಮಾತ್ರ. 1970ರ ದಶಕದಿಂದ ಆಡಳಿತ ಪಾಕಿಸ್ತಾನ ಖನಿಜ ಅಭಿವೃದ್ಧಿ ನಿಗಮದ ಕೈಯಲ್ಲಿದೆ.

ಸುಂಕದವನು ಹೋದ ಜಾಗಕ್ಕೆ ಈಗ ಚೀಟಿ ಅಂಟಿಸುವವನು ಬಂದಿದ್ದಾನೆ. ಒರಟು ಗಟ್ಟಿಯಾಗಿ ಅಗ್ಗಕ್ಕೆ ಹೊರಟ ಉಪ್ಪು ಬೇರೆ ದೇಶದಲ್ಲಿ ಪುಡಿಯಾಗಿ, ಡಬ್ಬಿ ಸೇರಿ, ಹಲವು ಪಟ್ಟು ಬೆಲೆಗೆ ಮಾರಾಟವಾಗುತ್ತದೆ. ಊರಿನ ಹೆಸರು ಎಲ್ಲಿಯೂ ಇರುವುದಿಲ್ಲ. ಭಾರತದ ವರ್ತಕರೂ ಇದನ್ನೇ ಮಾಡಿದರು. 2019ರಲ್ಲಿ ಪಾಕಿಸ್ತಾನದಲ್ಲಿ ಇದರ ವಿರುದ್ಧ ಜನರ ಆಕ್ರೋಶ ಎದ್ದಿತು. ಅಲ್ಲಿ 2020ರಲ್ಲಿ ಭೌಗೋಳಿಕ ಸೂಚಕದ ಕಾಯ್ದೆ ಬಂತು. ನಮ್ಮ ಮೈಸೂರು ಮಲ್ಲಿಗೆ, ಬ್ಯಾಡಗಿ ಮೆಣಸಿನಕಾಯಿಗೆ ಹೆಸರಿನ ರಕ್ಷಣೆ ಕೇಳಿ ಪಡೆದ ನಾವು ಖೇವ್ರಾದವರ ಬೇಡಿಕೆಯನ್ನು ನ್ಯಾಯವಲ್ಲ ಎನ್ನಲಾರೆವು.

ಚೀಟಿಯ ಮೇಲಿನ ಆರೋಗ್ಯದ ಮಾತುಗಳನ್ನೂ ತೂಗಿ ನೋಡಬೇಕು. ಇದರಲ್ಲಿ 84 ಖನಿಜಗಳಿವೆ ಎಂಬುದು ಎಲ್ಲೆಡೆ ಹರಿದಾಡುವ ಸಂಖ್ಯೆ. ಆಸ್ಟ್ರೇಲಿಯಾದ ಮಾರುಕಟ್ಟೆಯಲ್ಲಿ ಸಿಗುವ ಗುಲಾಬಿ ಉಪ್ಪುಗಳನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಆ ಖನಿಜಗಳಿಂದ ದೇಹಕ್ಕೆ ಹೇಳಿಕೊಳ್ಳುವಂಥ ಲಾಭವಾಗಬೇಕಾದರೆ ದಿನಕ್ಕೆ 30 ಗ್ರಾಂಗಿಂತ ಹೆಚ್ಚು ಉಪ್ಪು ತಿನ್ನಬೇಕು ಎಂದು ಲೆಕ್ಕ ಹಾಕಿತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 5 ಗ್ರಾಂ. ದಿನಕ್ಕೆ 30 ಗ್ರಾಂ ತಿಂದವನ ರಕ್ತದೊತ್ತಡದ ಗತಿ ವೈದ್ಯರನ್ನು ಕೇಳಬೇಕಿಲ್ಲ. ಅದಕ್ಕಿಂತ ಗಂಭೀರವಾದದ್ದು ಅಯೋಡಿನ್. ಬೆಟ್ಟದಿಂದ ಬಂದ ಉಪ್ಪಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಹಿಮಾಲಯದ ತಪ್ಪಲಿನ ಕಾಂಗಡಾ ಕಣಿವೆಯಲ್ಲಿ 1956ರಿಂದ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ನಡೆಸಿದ ಪ್ರಯೋಗ, ಉಪ್ಪಿಗೆ ಅಯೋಡಿನ್ ಬೆರೆಸಿದರೆ ಗಳಗಂಡ ಇಳಿಯುತ್ತದೆ ಎಂದು ತೋರಿಸಿಕೊಟ್ಟಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಏಕಾದಶಿಯ ಒಂದು ದಿನಕ್ಕೆ, ಕಷಾಯದ ಒಂದು ಚಿಟಿಕೆಗೆ ಸೈಂಧವ ಇರಲಿ. ಗರ್ಭಿಣಿಯರಿರುವ, ಮಕ್ಕಳಿರುವ ಮನೆಯ ದಿನದ ಸಾರಿಗೆ ಅಯೋಡಿನ್ ಬೆರೆತ ಉಪ್ಪು ಬಿಟ್ಟು ಗುಲಾಬಿ ಪುಡಿ ಹಾಕುವುದು ಅಪಾಯ ಎಂದು ನಾನು ಕಂಡ ಪ್ರತಿ ಮನೆಯಲ್ಲೂ ಹೇಳುತ್ತ ಬಂದಿದ್ದೇನೆ.

ವ್ಯಾಪಾರದ ಬಾಗಿಲೂ ಈಗ ಮುಚ್ಚಿದೆ. ಪುಲ್ವಾಮಾ ದಾಳಿಯ ನಂತರ 2019ರ ಫೆಬ್ರುವರಿಯಲ್ಲಿ ಭಾರತ ಪಾಕಿಸ್ತಾನದ ಸರಕುಗಳ ಮೇಲೆ ಶೇ. 200 ಸುಂಕ ಹೇರಿತು. ಪಹಲ್ಗಾಮ್ ದಾಳಿಯ ನಂತರ 2025ರ ಮೇ ತಿಂಗಳಲ್ಲಿ ಅಲ್ಲಿನ ಎಲ್ಲ ಸರಕುಗಳ ಆಮದನ್ನು ಪೂರ್ತಿ ನಿಷೇಧಿಸಿತು. ಉತ್ತರ ಭಾರತದ ಸಗಟು ಮಂಡಿಗಳಲ್ಲಿ ಸೈಂಧವದ ದರ ಏರಿತು. ಭಾರತದೊಳಗೆ ಗಣಿ ಉಪ್ಪು ಇರುವುದು ಹಿಮಾಚಲ ಪ್ರದೇಶದ ಮಂಡಿ ಜಿಲ್ಲೆಯಲ್ಲಿ, ದ್ರಂಗ್ ಮತ್ತು ಗುಮ್ಮಾ ಎಂಬಲ್ಲಿ. ಕೇಂದ್ರ ಸರ್ಕಾರದ ಹಿಂದೂಸ್ತಾನ್ ಸಾಲ್ಟ್ಸ್ ಸಂಸ್ಥೆ ಅವನ್ನು ನೋಡಿಕೊಳ್ಳುತ್ತದೆ. ಅಲ್ಲಿನ ಉಪ್ಪಿನಲ್ಲಿ ಜೇಡಿಯ ಪಾಲು ಹೆಚ್ಚು, ಬಣ್ಣ ಮಾಸಲು. ಖೇವ್ರಾದ ಗುಲಾಬಿಗೆ ಒಗ್ಗಿದ ಕಣ್ಣು ಅದನ್ನು ಸುಲಭಕ್ಕೆ ಒಪ್ಪುವುದಿಲ್ಲ. ಅಂಗಡಿಯ ಡಬ್ಬಿಗಳಲ್ಲಿ ಮಾತ್ರ ‘ಹಿಮಾಲಯನ್’ ಎಂಬ ಅಕ್ಷರ ಮೊದಲಿನಂತೆಯೇ ಇದೆ. ಕೊಳ್ಳುವವರು ಡಬ್ಬಿ ತಿರುಗಿಸಿ ಯಾವ ಗಣಿಯದು, ಯಾವ ದೇಶದ್ದು, ಅಯೋಡಿನ್ ಇದೆಯೇ ಎಂದು ಹುಡುಕಬೇಕು. ಇಲ್ಲದಿದ್ದರೆ ಅಂಗಡಿಯವರನ್ನು ಕೇಳಬೇಕು. ಖೇವ್ರಾದ ಕೆಲಸಗಾರನಿಗೆ ಈ ನಿಷೇಧ ಮುಟ್ಟುವುದು ಟನ್ನಿನ ಲೆಕ್ಕದಲ್ಲಿಯೇ. ಗಿರಾಕಿ ಕಡಿಮೆಯಾದ ವಾರ ಅವನ ಕೋಣೆಯಿಂದ ಹೊರಡುವ ಟ್ರಾಲಿಗಳೂ ಕಡಿಮೆ, ಕೂಲಿಯೂ ಕಡಿಮೆ. ಡಬ್ಬಿಯ ದರ ಏರಿದ ವಾರ ಅವನ ಟನ್ನಿನ ದರ ಏರುವ ಏರ್ಪಾಡು ಮಾತ್ರ ಅಕ್ಬರನ ಕಾಲದಿಂದ ಈವರೆಗೆ ಯಾರೂ ಮಾಡಿಲ್ಲ.